ಫಿಲ್‌ಮೋರ್: ಕಪ್ಪು ಜನರ ಒಂದು ಬಡಾವಣೆಯನ್ನು ಕಾನೂನಿನ ಪ್ರಕಾರವೇ ಖಾಲಿ ಮಾಡಿಸಿದ್ದು ಹೇಗೆ?

2025ರ ಫೆಬ್ರವರಿಯಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ವೆಬ್‌ಸ್ಟರ್ ಬೀದಿಯಲ್ಲಿದ್ದ ಸೇಫ್‌ವೇ ಸೂಪರ್ ಮಾರ್ಕೆಟ್ ಬಾಗಿಲು ಹಾಕಿತು. ಸುಮಾರು ನಲವತ್ತು ವರ್ಷ ನಡೆದ ಅಂಗಡಿ ಅದು. ಮುಚ್ಚುವ ಸುದ್ದಿ ಹೊರಬಿದ್ದ ಮೇಲೆ ಅಲ್ಲಿನ ನಿವಾಸಿಗಳು, ಅದರಲ್ಲೂ ವಯಸ್ಸಾದ ಕಪ್ಪು ಜನರು, ಒಂದು ವರ್ಷ ಹೋರಾಡಿದರು. ಸಭೆ ಸೇರಿದರು, ನಗರದ ಅಧಿಕಾರಿಗಳ ಮುಂದೆ ಮಾತಾಡಿದರು. ದೂರದಿಂದ ನೋಡುವವರಿಗೆ ಒಂದು ಪ್ರಶ್ನೆ ಬರುತ್ತದೆ. ಒಂದು ದಿನಸಿ ಅಂಗಡಿಗಾಗಿ ಇಷ್ಟೊಂದು ನೋವು ಯಾಕೆ?

ಆ ಅಂಗಡಿ ಇದ್ದದ್ದು ಫಿಲ್‌ಮೋರ್ ಎಂಬ ಪ್ರದೇಶದಲ್ಲಿ. ಅಲ್ಲಿ ಹಿಂದೆ ಸಾಲು ಸಾಲು ಮನೆ, ಅಂಗಡಿ, ಹೋಟೆಲುಗಳಿದ್ದವು. ಸರ್ಕಾರವೇ ಅವನ್ನು ಕೊಂಡು ಕೆಡವಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ವಾಪಸ್ ಬರಲೇ ಇಲ್ಲ. ಹಾಗಾಗಿ ಅಲ್ಲಿನ ಹಳಬರಿಗೆ ಯಾವುದೇ ನೋಟಿಸ್ ಬಂದರೂ ಹಿಂದಿನದ್ದು ನೆನಪಾಗುತ್ತದೆ. 2024ರ ಫೆಬ್ರವರಿಯಲ್ಲಿ ನಗರದ ಚುನಾಯಿತ ಮಂಡಳಿ ತನ್ನ ಕಪ್ಪು ನಿವಾಸಿಗಳ ಕ್ಷಮೆ ಕೇಳಿ ಒಮ್ಮತದ ನಿರ್ಣಯ ಮಾಡಿತು. ಅದಕ್ಕೂ ಮುಂಚೆ, 2023ರಲ್ಲಿ, ನಗರವೇ ನೇಮಿಸಿದ್ದ ಸಲಹಾ ಸಮಿತಿಯೊಂದು ಅರ್ಹ ಕಪ್ಪು ನಿವಾಸಿಗಳಿಗೆ ತಲಾ 50 ಲಕ್ಷ ಡಾಲರ್ ಪರಿಹಾರ ಕೊಡಿ ಎಂದು ಶಿಫಾರಸು ಮಾಡಿದಾಗ ಪ್ರಪಂಚದ ಪತ್ರಿಕೆಗಳೆಲ್ಲ ಅದನ್ನು ಬರೆದವು. ಮೊತ್ತದ ಬಗ್ಗೆ ಚರ್ಚೆ ಜಾಸ್ತಿ ಆಯಿತು. ಯಾವುದಕ್ಕೆ ಪರಿಹಾರ ಎಂಬುದು ಕಡಿಮೆ ಜನರಿಗೆ ತಿಳಿಯಿತು.

ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಅದರ ಸುತ್ತಲಿನ ಊರುಗಳು ಸೇರಿದ ಬೇ ಏರಿಯಾದಲ್ಲಿ ಸಾವಿರಾರು ಕನ್ನಡಿಗರಿದ್ದಾರೆ. ಜಪಾನ್‌ಟೌನ್‌ಗೆ ಊಟಕ್ಕೆ ಹೋದವರು ಎಂಟು ಪಥದ ಗಿಯರಿ ರಸ್ತೆಯನ್ನು ದಾಟಿಯೇ ಇರುತ್ತಾರೆ. ಆ ರಸ್ತೆ ಅಷ್ಟು ಅಗಲ ಯಾಕಿದೆ ಎಂಬುದೂ ಇದೇ ಕಥೆಯ ಭಾಗ.

## ಯಾರ ಬಡಾವಣೆ?

ಫಿಲ್‌ಮೋರ್ ಎಂಬುದು ವೆಸ್ಟರ್ನ್ ಅಡಿಷನ್ ಎಂಬ ದೊಡ್ಡ ಪ್ರದೇಶದ ನಡುಭಾಗ. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪೇಟೆ ಭಾಗ ನಾಶವಾಯಿತು. ಈ ಕಡೆ ಹಾನಿ ಕಡಿಮೆ. ಹಾಗಾಗಿ ವ್ಯಾಪಾರ ಇಲ್ಲಿಗೆ ಬಂತು. ಮರದ ದೊಡ್ಡ ದೊಡ್ಡ ವಿಕ್ಟೋರಿಯನ್ ಮನೆಗಳನ್ನು ಪಾಲು ಮಾಡಿ ಬಾಡಿಗೆಗೆ ಕೊಟ್ಟರು. ಯಹೂದಿಗಳು, ಜಪಾನೀಯರು, ಫಿಲಿಪಿನೋಗಳು, ಮೆಕ್ಸಿಕನ್ನರು, ಕಪ್ಪು ಜನರು ಎಲ್ಲ ಅಕ್ಕಪಕ್ಕದಲ್ಲೇ ಇದ್ದರು.

1942ರಲ್ಲಿ ಮೊದಲ ಎತ್ತಂಗಡಿ ನಡೆಯಿತು. ಅದು ಕಪ್ಪು ಜನರದ್ದಲ್ಲ. ಅಮೆರಿಕ ಮತ್ತು ಜಪಾನ್ ನಡುವೆ ಯುದ್ಧ ಶುರುವಾಗಿತ್ತು. ಅಧ್ಯಕ್ಷ ರೂಸ್‌ವೆಲ್ಟ್ ಫೆಬ್ರವರಿ 19ರಂದು ಸಹಿ ಹಾಕಿದ 9066ನೇ ಆದೇಶದ ಬಲದಿಂದ ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನೆಲ್ಲ ಶಿಬಿರಗಳಿಗೆ ಸಾಗಿಸಿದರು. ದೇಶದಲ್ಲಿ ಒಟ್ಟು ಸುಮಾರು 1 ಲಕ್ಷ 20 ಸಾವಿರ ಜನ. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಫಿಲ್‌ಮೋರ್ ಪಕ್ಕದ ಜಪಾನ್‌ಟೌನ್ ಮನೆಗಳು ಕೆಲವೇ ವಾರಗಳಲ್ಲಿ ಖಾಲಿಯಾದವು.

ಅದೇ ಹೊತ್ತಿಗೆ ಬಂದರಿನ ಸುತ್ತ ಹಡಗು ಕಟ್ಟುವ ಕೆಲಸ ಜೋರಾಗಿತ್ತು. ರಿಚ್ಮಂಡ್‌ನಲ್ಲಿ ಕೈಸರ್ ಕಂಪನಿಯ ಯಾರ್ಡುಗಳು, ಸಾಸಲಿಟೊದಲ್ಲಿ ಮರಿನ್‌ಶಿಪ್, ನಗರದೊಳಗೆ ಹಂಟರ್ಸ್ ಪಾಯಿಂಟ್ ನೌಕಾನೆಲೆ. ಟೆಕ್ಸಾಸ್, ಲೂಸಿಯಾನಾ, ಒಕ್ಲಹೋಮಾ, ಅರ್ಕನ್ಸಾ ಕಡೆಯಿಂದ ಕಪ್ಪು ಜನ ರೈಲು ಹತ್ತಿ ಬಂದರು. ದಕ್ಷಿಣದಲ್ಲಿ ಕೂಲಿ ಕಡಿಮೆ, ಅವಮಾನ ಜಾಸ್ತಿ. ಇಲ್ಲಿ ಕೈತುಂಬ ಸಂಬಳ. 1940ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಪ್ಪು ಜನ 5,000ಕ್ಕೂ ಕಡಿಮೆ. 1950ರ ಹೊತ್ತಿಗೆ 43,000 ದಾಟಿದ್ದರು.

ಆದರೆ ನಗರದ ಹೆಚ್ಚಿನ ಭಾಗಗಳಲ್ಲಿ ಅವರಿಗೆ ಮನೆ ಸಿಗುತ್ತಿರಲಿಲ್ಲ. ಅನೇಕ ಮನೆಗಳ ಕ್ರಯಪತ್ರದಲ್ಲೇ 'ಬಿಳಿಯರಲ್ಲದವರಿಗೆ ಮಾರಬಾರದು' ಎಂಬ ಷರತ್ತು ಇರುತ್ತಿತ್ತು. ಸಿಕ್ಕಿದ್ದು ಫಿಲ್‌ಮೋರ್ ಮತ್ತು ಹಂಟರ್ಸ್ ಪಾಯಿಂಟ್. ಜಪಾನೀಯರು ಬಿಟ್ಟುಹೋಗಬೇಕಾಗಿ ಬಂದ ಕೋಣೆಗಳಲ್ಲಿ ಹೊಸಬರು ನೆಲೆಸಿದರು. ಒಬ್ಬರ ಕಷ್ಟದ ಜಾಗದಲ್ಲಿ ಇನ್ನೊಬ್ಬರಿಗೆ ಬದುಕು ಸಿಕ್ಕಿತು. ಆಯ್ಕೆ ಮಾತ್ರ ಇಬ್ಬರಿಗೂ ಇರಲಿಲ್ಲ.

## ಹಳಬರು ನೆನೆಯುವ ಫಿಲ್‌ಮೋರ್

ಆಗ ಮಕ್ಕಳಾಗಿದ್ದವರು ಈಗ ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಅವರ ಮಾತುಗಳು ಹಲವಾರು ಸಂದರ್ಶನಗಳಲ್ಲಿ ದಾಖಲಾಗಿವೆ. ಓದುತ್ತಾ ಹೋದರೆ ಕೆಲವು ಸಂಗತಿಗಳು ಮತ್ತೆ ಮತ್ತೆ ಬರುತ್ತವೆ. ಬೇಕಾದ್ದೆಲ್ಲ ನಡೆದುಹೋಗುವ ದೂರದಲ್ಲೇ ಸಿಗುತ್ತಿತ್ತು. ಕ್ಷೌರದ ಅಂಗಡಿ, ಔಷಧಿ ಅಂಗಡಿ, ಮೀನಿನ ಅಂಗಡಿ, ದರ್ಜಿ, ಡಾಕ್ಟರು, ವಕೀಲರು. ಅಂಗಡಿಯವರು ಸಾಲ ಕೊಡುತ್ತಿದ್ದರು. ಬೀದಿಯಲ್ಲಿ ತಪ್ಪು ಮಾಡಿದ ಮಗುವಿಗೆ ಪಕ್ಕದ ಮನೆಯಾಕೆ ಬೈದು, ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಅಮ್ಮನ ಕಿವಿಗೆ ಬಿದ್ದಿರುತ್ತಿತ್ತು. ಭಾನುವಾರ ಚರ್ಚಿಗೆ ಹೋಗುವಾಗ ಹೆಂಗಸರ ಟೋಪಿ, ಗಂಡಸರ ಸೂಟು ನೋಡುವುದೇ ಒಂದು ಹಬ್ಬ.

ರಾತ್ರಿಯಾದರೆ ಸಂಗೀತ. ಹಾರ್ಲೆಮ್ ಎಂದರೆ ಸಂಗೀತಕ್ಕೆ ಹೆಸರಾದ, ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ. ಫಿಲ್‌ಮೋರ್‌ಗೆ 'ಪಶ್ಚಿಮದ ಹಾರ್ಲೆಮ್' ಎಂಬ ಹೆಸರೇ ಇತ್ತು. 1950ರಲ್ಲಿ ಪೋಸ್ಟ್ ಬೀದಿಯ ಒಂದು ವಿಕ್ಟೋರಿಯನ್ ಮನೆಯಲ್ಲಿ ಶುರುವಾದ ಜಿಂಬೋಸ್ ಬಾಪ್ ಸಿಟಿ ಎಂಬ ಕ್ಲಬ್ಬು ಬೇರೆ ಕ್ಲಬ್ಬುಗಳೆಲ್ಲ ಮುಚ್ಚಿದ ಮೇಲೆ, ಮಧ್ಯರಾತ್ರಿ ದಾಟಿ ತೆರೆಯುತ್ತಿತ್ತು. ಪೇಟೆಯಲ್ಲಿ ಬಿಳಿಯರ ಮುಂದೆ ಕಾರ್ಯಕ್ರಮ ಮುಗಿಸಿದ ಜ್ಯಾಜ್ ಕಲಾವಿದರು ಇಲ್ಲಿಗೆ ಬಂದು ಬೆಳಗಿನವರೆಗೆ ತಮಗಾಗಿ ನುಡಿಸುತ್ತಿದ್ದರು. ಡಿಜ್ಜಿ ಗಿಲೆಸ್ಪಿ, ಜಾನ್ ಕೋಲ್ಟ್ರೇನ್, ಮೈಲ್ಸ್ ಡೇವಿಸ್ ಅಂಥವರು ಬಂದುಹೋದ ಜಾಗ ಅದು.

ಒಕ್ಲಹೋಮಾದಿಂದ ಬಂದ ಲಿಯೋಲಾ ಕಿಂಗ್ ಎಂಬಾಕೆ ಮೊದಲು ಬಾರ್ಬೆಕ್ಯೂ ಹೋಟೆಲ್ ಇಟ್ಟರು. ಆಮೇಲೆ ಫಿಲ್‌ಮೋರ್ ಬೀದಿಯಲ್ಲಿ ಬ್ಲೂ ಮಿರರ್ ಎಂಬ ಕ್ಲಬ್ಬು ತೆರೆದರು. 1950ರ ದಶಕದಲ್ಲಿ ಒಬ್ಬ ಕಪ್ಪು ಮಹಿಳೆ ಸ್ವಂತ ವ್ಯಾಪಾರ ನಡೆಸಿ, ಆಸ್ತಿ ಮಾಡಿಕೊಂಡು ನಿಲ್ಲುವುದು ಸಣ್ಣ ಸಂಗತಿಯಲ್ಲ. ಅವರ ಕಟ್ಟಡಗಳು ಒಂದೊಂದಾಗಿ ಸರ್ಕಾರದ ಪಾಲಾದವು. ಅವರು ದಶಕಗಳ ಕಾಲ ಅದಕ್ಕಾಗಿ ಹೋರಾಡಿದರು.

ನೆನಪು ಎಂದರೆ ಬರೀ ಸಿಹಿ ಅಲ್ಲ, ಹಳಬರೂ ಅದನ್ನು ಮುಚ್ಚಿಡುವುದಿಲ್ಲ. ಯುದ್ಧದ ವರ್ಷಗಳಲ್ಲಿ ಒಂದೇ ಹಾಸಿಗೆಯಲ್ಲಿ ಪಾಳಿ ಪ್ರಕಾರ ಮಲಗುತ್ತಿದ್ದರು. ರಾತ್ರಿ ಪಾಳಿಯವನು ಬಂದಾಗ ಹಗಲು ಪಾಳಿಯವನು ಏಳುತ್ತಿದ್ದ. ಎಷ್ಟೋ ಮನೆಗಳಲ್ಲಿ ಹಲವು ಕುಟುಂಬಗಳಿಗೆ ಒಂದೇ ಬಚ್ಚಲು. ಮಾಲೀಕರು ಬೇರೆ ಕಡೆ ಇದ್ದುಕೊಂಡು ಬಾಡಿಗೆ ಮಾತ್ರ ವಸೂಲಿ ಮಾಡುತ್ತಿದ್ದರು, ರಿಪೇರಿ ಮಾಡಿಸುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಹಡಗು ಕೆಲಸ ನಿಂತು ಅನೇಕರು ನಿರುದ್ಯೋಗಿಗಳಾದರು. ರಿಪೇರಿ ಬೇಕಿತ್ತು ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಸರ್ಕಾರ ಆರಿಸಿಕೊಂಡದ್ದು ಮಾತ್ರ ಬೇರೆ ದಾರಿ.

## 'ಹಾಳುಬಿದ್ದ ಪ್ರದೇಶ' ಎಂಬ ಮೊಹರು

ಆ ದಾರಿಗೆ ಅಮೆರಿಕದಲ್ಲಿ ಅರ್ಬನ್ ರಿನ್ಯೂವಲ್ ಎನ್ನುತ್ತಾರೆ, ಅಂದರೆ ನಗರ ನವೀಕರಣ. ಅದು ಹಂತ ಹಂತವಾಗಿ ನಡೆಯುವ ಕ್ರಮ. ಪ್ರತಿ ಹಂತಕ್ಕೂ ಕಾನೂನಿನ ಬೆಂಬಲ ಇತ್ತು.

ಮೊದಲ ಹಂತ, ಒಂದು ಇಡೀ ಪ್ರದೇಶವನ್ನು 'ಬ್ಲೈಟೆಡ್' ಎಂದು ಘೋಷಿಸುವುದು. ಹಾಳುಬಿದ್ದದ್ದು, ನಗರದ ಆರೋಗ್ಯಕ್ಕೆ ಕೆಟ್ಟದ್ದು ಎಂದು ಅರ್ಥ. ಇಲ್ಲಿ ಗಮನಿಸಬೇಕಾದ್ದು, ಈ ಮೊಹರು ಬೀಳುವುದು ಒಂದೊಂದು ಮನೆಗಲ್ಲ, ಇಡೀ ಪ್ರದೇಶಕ್ಕೆ. ನಿಮ್ಮ ಮನೆ ಗಟ್ಟಿಮುಟ್ಟಾಗಿರಬಹುದು, ಸುಣ್ಣಬಣ್ಣ ಕಂಡಿರಬಹುದು. ಗಡಿಯ ಒಳಗಿದ್ದರೆ ಅದೂ ಹೋಗುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯ 1945ರಲ್ಲೇ ಇದಕ್ಕೆ ಕಾನೂನು ಮಾಡಿತ್ತು. ಸ್ಯಾನ್ ಫ್ರಾನ್ಸಿಸ್ಕೊ 1948ರಲ್ಲಿ ವೆಸ್ಟರ್ನ್ ಅಡಿಷನ್‌ಗೆ ಈ ಮೊಹರು ಹಾಕಿತು. ಅದೇ ವರ್ಷ ಈ ಕೆಲಸಕ್ಕೆಂದೇ ರೀಡೆವಲಪ್‌ಮೆಂಟ್ ಏಜೆನ್ಸಿ ಎಂಬ ಸಂಸ್ಥೆ ಹುಟ್ಟಿತು.

ಎರಡನೆಯ ಹಂತ, ಸ್ವಾಧೀನ. ನಮ್ಮಲ್ಲಿ ರಸ್ತೆ ಅಗಲ ಮಾಡುವಾಗ ಗೋಡೆ ಮೇಲೆ ಕೆಂಪು ಬಣ್ಣದ ಗುರುತು ಬಿದ್ದರೆ ಮನೆಯವರು ಮಾರಲು ಒಪ್ಪಲಿ, ಬಿಡಲಿ, ಆ ಭಾಗ ಹೋಗುತ್ತದೆ ಅಲ್ವಾ? ಸರ್ಕಾರಕ್ಕೆ ಇರುವ ಅಧಿಕಾರ ಅದೇ. ವ್ಯತ್ಯಾಸ ಏನೆಂದರೆ, ರಸ್ತೆಯಾದರೆ ಅದು ಎಲ್ಲರೂ ಬಳಸುವಂಥದ್ದು. ಫಿಲ್‌ಮೋರ್‌ನಲ್ಲಿ ಸ್ವಾಧೀನ ಮಾಡಿದ ಜಾಗದ ದೊಡ್ಡ ಭಾಗವನ್ನು ಚೊಕ್ಕ ಮಾಡಿ ಖಾಸಗಿ ಬಿಲ್ಡರುಗಳಿಗೆ ಮಾರುವುದೇ ಯೋಜನೆಯಾಗಿತ್ತು. ಒಬ್ಬರ ಮನೆ ಕಿತ್ತು ಇನ್ನೊಬ್ಬರಿಗೆ ಕೊಡಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1954ರಲ್ಲಿ ವಾಷಿಂಗ್ಟನ್ ನಗರದ ಒಂದು ಪ್ರಕರಣದಲ್ಲಿ ಕೋರ್ಟು ಕೊಡಬಹುದು ಎಂದಿತು. ಇಡೀ ಪ್ರದೇಶ ಸುಧಾರಿಸುವುದೇ ಸಾರ್ವಜನಿಕ ಉದ್ದೇಶ, ಅದಕ್ಕಾಗಿ ಚೆನ್ನಾಗಿರುವ ಕಟ್ಟಡವನ್ನೂ ತೆಗೆದುಕೊಳ್ಳಬಹುದು ಎಂಬುದು ತೀರ್ಪಿನ ಸಾರ.

## ದುಡ್ಡು ಎಲ್ಲಿಂದ ಬಂತು?

ಇಷ್ಟು ದೊಡ್ಡ ಜಾಗ ಕೊಳ್ಳಲು ನಗರದ ಹತ್ತಿರ ಹಣ ಇರಲಿಲ್ಲ. 1949ರ ಕೇಂದ್ರ ವಸತಿ ಕಾಯ್ದೆ ಆ ದಾರಿ ತೆರೆಯಿತು. ಲೆಕ್ಕ ಸರಳ. ಒಂದು ಜಾಗ ಕೊಂಡು, ಕೆಡವಿ, ಸಮ ಮಾಡಲು ಏಜೆನ್ಸಿಗೆ 100 ಡಾಲರ್ ಖರ್ಚಾಯಿತು ಅಂದುಕೊಳ್ಳಿ. ಅದನ್ನು ಬಿಲ್ಡರಿಗೆ 40 ಡಾಲರಿಗೆ ಮಾರಿತು. ನಷ್ಟ 60. ಈ ನಷ್ಟದ ಮೂರರಲ್ಲಿ ಎರಡು ಪಾಲನ್ನು, ಅಂದರೆ 40 ಡಾಲರನ್ನು, ಕೇಂದ್ರ ಸರ್ಕಾರ ತುಂಬಿಕೊಡುತ್ತಿತ್ತು. ನಗರಕ್ಕೆ ಬೀಳುವ ಭಾರ 20 ಮಾತ್ರ.

ಇದರಿಂದ ಏನಾಯಿತು? ಹಳೆ ಮನೆಗಳನ್ನು ರಿಪೇರಿ ಮಾಡಿಸಿ ಉಳಿಸುವುದಕ್ಕಿಂತ ಕೆಡವುವುದೇ ನಗರಕ್ಕೆ ಅಗ್ಗವಾಗಿ ಕಂಡಿತು. ಬಡವರ ಜಾಗದಿಂದ ತೆರಿಗೆ ಕಡಿಮೆ, ಹೊಸ ಕಟ್ಟಡದಿಂದ ಜಾಸ್ತಿ. ಕೆಡವುವ ಪಟ್ಟಿಯಲ್ಲಿ ಕಪ್ಪು ಜನರ ಪ್ರದೇಶಗಳು ಮೇಲೆ ಬಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. 1930ರ ದಶಕದಲ್ಲಿ ಕೇಂದ್ರದ ಸಂಸ್ಥೆಯೊಂದು ನಗರಗಳ ನಕ್ಷೆ ಮಾಡಿ, ಸಾಲ ಕೊಡಲು ಅಪಾಯ ಇರುವ ಜಾಗಗಳಿಗೆ ಕೆಂಪು ಬಣ್ಣ ಬಳಿದಿತ್ತು. ಕಪ್ಪು ಜನರು ಇದ್ದಾರೆ ಎಂಬುದೇ ಅಪಾಯದ ಒಂದು ಲಕ್ಷಣ. ಅಂಥ ಕಡೆ ಬ್ಯಾಂಕಿನ ಸಾಲ ಸಿಗುತ್ತಿರಲಿಲ್ಲ. ಸಾಲ ಇಲ್ಲದೆ ರಿಪೇರಿ ಇಲ್ಲ. ರಿಪೇರಿ ಇಲ್ಲದೆ ಮನೆ ಹಾಳು. ಕೊನೆಗೆ, ಹಾಳಾಗಿದೆ ಎಂಬುದೇ ಕೆಡವಲು ಕಾರಣ.

ಫಿಲ್‌ಮೋರ್ ಒಂದೇ ಅಲ್ಲ. 1955ರಿಂದ 1966ರ ನಡುವೆ ಅಮೆರಿಕದಾದ್ಯಂತ 3 ಲಕ್ಷಕ್ಕೂ ಹೆಚ್ಚು ಕುಟುಂಬಗಳು ಈ ಯೋಜನೆಯಿಂದ ಮನೆ ಬಿಟ್ಟವು ಎಂಬ ಲೆಕ್ಕವಿದೆ. ಅವರಲ್ಲಿ ಕಪ್ಪು ಜನರ ಪಾಲು ಜನಸಂಖ್ಯೆಯಲ್ಲಿ ಅವರಿಗಿದ್ದ ಪಾಲಿಗಿಂತ ಬಹಳ ಹೆಚ್ಚು.

## ಎರಡು ಅಲೆ

ಮೊದಲ ಅಲೆಗೆ 'ಎ-1' ಎಂಬ ಹೆಸರು. 1956ರಲ್ಲಿ ಒಪ್ಪಿಗೆ ಸಿಕ್ಕಿತು, 28 ಬ್ಲಾಕುಗಳು. ಬ್ಲಾಕು ಎಂದರೆ ನಾಲ್ಕು ಬೀದಿಗಳ ನಡುವಿನ ಜಾಗ. ಗಿಯರಿ ಬೀದಿಯನ್ನು ಹೆದ್ದಾರಿಯಂತೆ ಅಗಲ ಮಾಡಿದರು. ಪಶ್ಚಿಮದ ಬಡಾವಣೆಗಳಿಂದ ಪೇಟೆಗೆ ಕಾರಿನಲ್ಲಿ ಬೇಗ ಹೋಗಲಿ ಎಂಬ ಉದ್ದೇಶ. ಜಪಾನ್‌ಟೌನ್ ಒಂದು ಕಡೆ, ಫಿಲ್‌ಮೋರ್ ಇನ್ನೊಂದು ಕಡೆ ಆಯಿತು. ಶಿಬಿರದಿಂದ ಬಂದು ಮತ್ತೆ ಅಂಗಡಿ ಕಟ್ಟಿಕೊಂಡಿದ್ದ ಜಪಾನೀ ಕುಟುಂಬಗಳೂ ಎರಡನೆಯ ಸಲ ಜಾಗ ಬಿಟ್ಟವು. ಈ ಜಾಗದಲ್ಲಿ ಒಂದು ಒಳ್ಳೆಯ ಕೆಲಸವೂ ಆಯಿತು. ಬಂದರು ಕಾರ್ಮಿಕರ ಸಂಘ ತನ್ನ ಪಿಂಚಣಿ ನಿಧಿಯ ಹಣದ ನೆರವಿನಿಂದ 1963ರಲ್ಲಿ ಸೇಂಟ್ ಫ್ರಾನ್ಸಿಸ್ ಸ್ಕ್ವೇರ್ ಎಂಬ 299 ಮನೆಗಳ ಸಹಕಾರಿ ವಸತಿ ಕಟ್ಟಿಸಿತು. ಎಲ್ಲ ಜನಾಂಗದವರಿಗೂ ಅದು ತೆರೆದಿತ್ತು. ಆದರೆ ಹೊರಗೆ ಹೋದವರ ಸಂಖ್ಯೆಗೆ ಅದು ಏನೇನೂ ಸಾಲದು.

ಎರಡನೆಯ ಅಲೆ 'ಎ-2', ಸುಮಾರು 60 ಬ್ಲಾಕುಗಳು. ಇದು ಫಿಲ್‌ಮೋರ್‌ನ ಹೃದಯಕ್ಕೇ ಕೈ ಹಾಕಿತು. 1959ರಿಂದ ಏಜೆನ್ಸಿಯ ಮುಖ್ಯಸ್ಥರಾಗಿದ್ದವರು ಜಸ್ಟಿನ್ ಹರ್ಮನ್. ಕೆಲಸ ವೇಗವಾಗಿ ಮುಗಿಸುವ ಅಧಿಕಾರಿ ಎಂದು ಪೇಟೆಯವರು ಹೊಗಳುತ್ತಿದ್ದರು. ಕಪ್ಪು ಜನರ ಪತ್ರಿಕೆ ಸನ್ ರಿಪೋರ್ಟರ್‌ನ ಸಂಪಾದಕ ಥಾಮಸ್ ಫ್ಲೆಮಿಂಗ್ ಅವರಂಥವರು ಕಟುವಾಗಿ ಟೀಕಿಸುತ್ತಿದ್ದರು. ಎ-2ರ ಬಗ್ಗೆ ಹೆಚ್ಚಾಗಿ ಹೇಳುವ ಲೆಕ್ಕ ಇದು: 883 ಅಂಗಡಿ ಮತ್ತು ವ್ಯಾಪಾರಗಳು ಮುಚ್ಚಿದವು, ಸುಮಾರು 4,700 ಕುಟುಂಬಗಳು ಮನೆ ಬಿಟ್ಟವು, ಸುಮಾರು 2,500 ವಿಕ್ಟೋರಿಯನ್ ಮನೆಗಳು ನೆಲಸಮವಾದವು.

ಹಳೆ ಕಟ್ಟಡಗಳನ್ನು ಉಳಿಸಬೇಕೆಂಬ ಸಂಘವೊಂದರ ಪ್ರಯತ್ನದಿಂದ 1974ರಲ್ಲಿ 12 ವಿಕ್ಟೋರಿಯನ್ ಮನೆಗಳನ್ನು ಬುಡಸಮೇತ ಎತ್ತಿ, ದೊಡ್ಡ ಗಾಲಿಗಳ ಮೇಲಿಟ್ಟು ಬೀದಿಯಲ್ಲಿ ಸಾಗಿಸಿದರು. ಆ ಚಿತ್ರಗಳು ಈಗಲೂ ನೋಡಸಿಗುತ್ತವೆ. ಮನೆಯನ್ನೇ ಸಾಗಿಸುವ ತಂತ್ರ ಇತ್ತು, ಹಣವೂ ಇತ್ತು. ಅದರೊಳಗಿನ ಬಾಡಿಗೆದಾರರನ್ನು ಹತ್ತಿರದಲ್ಲೇ ಉಳಿಸುವ ಏರ್ಪಾಟು ಮಾತ್ರ ಆಗಲಿಲ್ಲ.

## ಬಾಡಿಗೆಯವರಿಗೆ ಏನು ಸಿಕ್ಕಿತು?

ಸ್ವಾಧೀನದಲ್ಲಿ ಪರಿಹಾರ ಹೋಗುವುದು ಮಾಲೀಕರಿಗೆ. ಫಿಲ್‌ಮೋರ್‌ನಲ್ಲಿ ಹೆಚ್ಚಿನವರು ಬಾಡಿಗೆದಾರರು. ಅವರಿಗೆ ಜಾಗದ ಬೆಲೆ ಸಿಗಲಿಲ್ಲ. ಸ್ವಂತ ಮನೆ ಇದ್ದ ಕಪ್ಪು ಕುಟುಂಬಗಳಿಗೆ ಸಿಕ್ಕಿದ್ದು 'ಹಾಳುಬಿದ್ದ ಪ್ರದೇಶ' ಎಂಬ ಮೊಹರು ಬಿದ್ದ ಮೇಲಿನ ಬೆಲೆ. ಮೊಹರು ಬಿದ್ದ ಜಾಗಕ್ಕೆ ಗಿರಾಕಿ ಎಲ್ಲಿ? ಅಂಗಡಿಯವರದ್ದು ಇನ್ನೂ ಕಷ್ಟ. ಕ್ಷೌರದ ಅಂಗಡಿಯ ಆಸ್ತಿ ಎಂದರೆ ಕುರ್ಚಿ, ಕನ್ನಡಿ ಅಲ್ಲ. ಅಲ್ಲಿಗೆ ಬರುವ ಜನ. ಆ ಜನ ಹತ್ತು ದಿಕ್ಕಿಗೆ ಚದುರಿದರೆ ಹೊಸ ಜಾಗದಲ್ಲಿ ಕುರ್ಚಿ ಹಾಕಿ ಏನು ಪ್ರಯೋಜನ?

ಬೇರೆ ಕಡೆ ಮನೆ ನೋಡಿಕೊಳ್ಳಬಾರದಿತ್ತೇ ಎಂದು ಕೇಳಬಹುದು. 1957ರಲ್ಲಿ ಬೇಸ್‌ಬಾಲ್ ಆಟಗಾರ ವಿಲ್ಲಿ ಮೇಸ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮನೆ ಕೊಳ್ಳಲು ಹೋದರು. ದೇಶವೇ ಹೊಗಳುತ್ತಿದ್ದ ಆಟಗಾರ, ಕೈಯಲ್ಲಿ ಹಣ. ನೆರೆಯವರು ಬೇಡ ಎಂದರೆಂದು ಮಾಲೀಕರು ಮೊದಲು ಮಾರಲು ನಿರಾಕರಿಸಿದರು. ಸುದ್ದಿಯಾಗಿ, ಮೇಯರ್ ಮಾತಾಡಿದ ಮೇಲೆ ಮನೆ ಸಿಕ್ಕಿತು. ಮೇಸ್‌ಗೇ ಹೀಗಾದರೆ ಹಡಗಿನ ಕೆಲಸ ಕಳೆದುಕೊಂಡ ವೆಲ್ಡರ್‌ಗೆ ಏನಾಗಬೇಕು? 1963ರಲ್ಲಿ ಕ್ಯಾಲಿಫೋರ್ನಿಯಾ ಮನೆ ಕೊಡುವಾಗ ಬಣ್ಣ ನೋಡಬಾರದು ಎಂದು ಕಾನೂನು ಮಾಡಿತು. ಮರುವರ್ಷವೇ ಮತದಾರರು ಜನಮತಗಣನೆಯಲ್ಲಿ ಭಾರಿ ಬಹುಮತದಿಂದ ಅದನ್ನು ತಳ್ಳಿಹಾಕಿದರು. ಆ ಫಲಿತಾಂಶವನ್ನು ಕೋರ್ಟುಗಳು ರದ್ದು ಮಾಡಿ, ಕೇಂದ್ರದ ಕಾನೂನು ಬರುವ ಹೊತ್ತಿಗೆ 1968. ಅಷ್ಟರಲ್ಲಿ ಫಿಲ್‌ಮೋರ್‌ನ ಎಷ್ಟೋ ಬೀದಿಗಳು ಖಾಲಿ.

ಜನ ಹೋದದ್ದು ಹಂಟರ್ಸ್ ಪಾಯಿಂಟ್, ಓಕ್ಲಂಡ್, ರಿಚ್ಮಂಡ್, ವಲ್ಲೇಹೊ ಕಡೆಗೆ. ಕೆಲವರು ಫಿಲ್‌ಮೋರ್‌ನಲ್ಲೇ ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಹೋದರು. ಕೆಲವು ವರ್ಷದಲ್ಲಿ ಅಲ್ಲಿಗೂ ನೋಟಿಸ್ ಬಂತು.

## ಬುಲ್ಡೋಜರ್ ಎದುರು

ಫಿಲ್‌ಮೋರ್ ಜನ ಹೋರಾಟಕ್ಕೆ ಹೊಸಬರಲ್ಲ. ಯುದ್ಧಕಾಲದಲ್ಲಿ ಮರಿನ್‌ಶಿಪ್ ಯಾರ್ಡಿನಲ್ಲಿ ಕಪ್ಪು ಕೆಲಸಗಾರರನ್ನು ಮುಖ್ಯ ಸಂಘಕ್ಕೆ ಸೇರಿಸದೆ, ಮತದಾನದ ಹಕ್ಕಿಲ್ಲದ ಬೇರೆ ಸಂಘಕ್ಕೆ ಚಂದಾ ಕಟ್ಟಿಸುತ್ತಿದ್ದರು. ಹಾಡುಗಾರರೂ ಆಗಿದ್ದ ವೆಲ್ಡರ್ ಜೋಸೆಫ್ ಜೇಮ್ಸ್ ಇದನ್ನು ಪ್ರಶ್ನಿಸಿದರು. 1944ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು.

1967ರಲ್ಲಿ ಚರ್ಚುಗಳು, ಬಾಡಿಗೆದಾರರು ಸೇರಿ ವೆಸ್ಟರ್ನ್ ಅಡಿಷನ್ ಕಮ್ಯುನಿಟಿ ಆರ್ಗನೈಸೇಷನ್ ಎಂಬ ಸಂಘ ಕಟ್ಟಿದರು. ಎಲ್ಲರೂ ಅದನ್ನು 'ವೇಕೊ' ಎನ್ನುತ್ತಿದ್ದರು. ಹ್ಯಾನಿಬಲ್ ವಿಲಿಯಮ್ಸ್, ಮೇರಿ ರೋಜರ್ಸ್ ಅದರ ಮುಂಚೂಣಿಯಲ್ಲಿದ್ದರು. ಸಭೆಗಳಲ್ಲಿ ಅಧಿಕಾರಿಗಳ ಮಾತಿಗೆ ಅಡ್ಡ ನಿಂತರು. ಬುಲ್ಡೋಜರ್ ಮುಂದೆ ಕೂತರು. ಅವರ ಬೇಡಿಕೆ ನವೀಕರಣವೇ ಬೇಡ ಎಂಬುದಲ್ಲ. ಮೊದಲು ಮನೆ ತೋರಿಸಿ, ಆಮೇಲೆ ಕೆಡವಿ. ಏನು ಕಟ್ಟಬೇಕು ಎಂದು ನಮ್ಮನ್ನೂ ಕೇಳಿ. ಇಷ್ಟೇ.

ಇಲ್ಲೊಂದು ಮುಖ್ಯ ಸಂಗತಿ ಇದೆ. ಇದು ಅರ್ಥವಾದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. 'ಮೊದಲು ಮನೆ ತೋರಿಸಿ' ಎಂಬುದು 1949ರ ಕಾಯ್ದೆಯಲ್ಲೇ ಇತ್ತು! ಒಕ್ಕಲೆಬ್ಬಿಸುವವರಿಗೆ ಅವರ ಕೈಗೆಟಕುವ ಬಾಡಿಗೆಯಲ್ಲಿ, ಸುರಕ್ಷಿತವಾದ, ಯೋಗ್ಯವಾದ ಮನೆ ಇರಬೇಕು ಎಂದು ಕಾನೂನು ಹೇಳುತ್ತಿತ್ತು. ಏಜೆನ್ಸಿ ಒಂದು ಯೋಜನೆ ಬರೆದು ಕೇಂದ್ರಕ್ಕೆ ಕಳಿಸುತ್ತಿತ್ತು, ಕೇಂದ್ರ ಒಪ್ಪುತ್ತಿತ್ತು. ಅಲ್ಲಿ ಹೇಳಿದ ಮನೆಗಳು ನಿಜವಾಗಿ ಇವೆಯೇ ಎಂದು ಕೇಳುವವರಿಲ್ಲ. ಬಾಡಿಗೆದಾರರು ಕೇಳಿದರೆ, ಇದು ಸರ್ಕಾರ ಮತ್ತು ಏಜೆನ್ಸಿಯ ನಡುವಿನ ವಿಷಯ, ನಿಮಗೆ ದಾವೆ ಹೂಡುವ ಹಕ್ಕೇ ಇಲ್ಲ ಎಂಬುದು ಕೋರ್ಟುಗಳ ಉತ್ತರವಾಗಿತ್ತು. ಮಾತು ಕೊಟ್ಟದ್ದು ಅವರ ಬಗ್ಗೆ, ಆದರೆ ಆ ಮಾತನ್ನು ಕೇಳುವ ಹಕ್ಕು ಅವರಿಗಿಲ್ಲ.

ವೇಕೊ ಬಡವರಿಗೆ ಉಚಿತವಾಗಿ ವಾದಿಸುವ ವಕೀಲರ ನೆರವಿನಿಂದ ಕೇಂದ್ರದ ವಸತಿ ಇಲಾಖೆಯ ಮೇಲೆಯೇ ಕೇಸು ಹಾಕಿತು. 1968ರ ಕೊನೆಯಲ್ಲಿ ನ್ಯಾಯಾಧೀಶ ವಿಲಿಯಂ ಸ್ವೈಗರ್ಟ್ ಒಕ್ಕಲೆಬ್ಬಿಸುವುದಕ್ಕೆ ತಡೆಯಾಜ್ಞೆ ಕೊಟ್ಟರು. ಒಕ್ಕಲೇಳುವ ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆ, ಪುನರ್ವಸತಿ ಯೋಜನೆ ಸರಿಯಾಗುವವರೆಗೆ ಕೆಲಸ ನಿಲ್ಲಬೇಕು ಎಂದರು. ಆ ಕಾಲಕ್ಕೆ ಇದು ಅಪರೂಪದ ಆದೇಶ.

ತಡೆಯಾಜ್ಞೆ ಕೆಲವೇ ತಿಂಗಳಲ್ಲಿ ತೆರವಾಯಿತು. ಏಜೆನ್ಸಿ ಯೋಜನೆ ತಿದ್ದಿ ತಂದಿತು, ಕೇಂದ್ರ ಒಪ್ಪಿತು, ಕೆಡವುವುದು ಮುಂದುವರಿಯಿತು. ಹಾಗಾದರೆ ಸೋತರೇ? ಪೂರ್ತಿ ಹಾಗೆ ಹೇಳಲಾಗದು. ಆಮೇಲೆ ಪ್ರದೇಶದ ನಿವಾಸಿಗಳ ಅಧಿಕೃತ ಸಮಿತಿ ಬಂತು. ಮೇರಿ ರೋಜರ್ಸ್ ಅದರಲ್ಲೂ ದುಡಿದರು. ಚರ್ಚು ಮತ್ತು ಸಂಘಗಳ ಹೆಸರಿನಲ್ಲಿ ಫ್ರೀಡಂ ವೆಸ್ಟ್, ಮಾರ್ಟಿನ್ ಲೂಥರ್ ಕಿಂಗ್–ಮಾರ್ಕಸ್ ಗಾರ್ವೆ ಸ್ಕ್ವೇರ್‌ನಂಥ ವಸತಿ ಸಮುಚ್ಚಯಗಳು ಎದ್ದವು. ಇವತ್ತು ಫಿಲ್‌ಮೋರ್‌ನಲ್ಲಿ ಉಳಿದಿರುವ ಕಪ್ಪು ಕುಟುಂಬಗಳಲ್ಲಿ ಬಹಳಷ್ಟು ಇಂಥ ಕಡೆಗಳಲ್ಲೇ ಇವೆ. ಹಂಟರ್ಸ್ ಪಾಯಿಂಟ್‌ನಲ್ಲಿ ಇಲೊಯ್ಸ್ ವೆಸ್ಟ್‌ಬ್ರೂಕ್ ಮುಂತಾದ ಮಹಿಳೆಯರು ವಾಷಿಂಗ್ಟನ್‌ವರೆಗೆ ಹೋಗಿ, ತಮ್ಮ ಗುಡ್ಡದ ಮೇಲೆ ತಾವು ಒಪ್ಪಿದ ಮನೆಗಳನ್ನು ಕಟ್ಟಲು ಹಣ ತಂದರು. ದೇಶದ ಮಟ್ಟದಲ್ಲಿ 1970ರಲ್ಲಿ ಸ್ಥಳಾಂತರ ಪರಿಹಾರದ ಕಾಯ್ದೆ ಪಾಸಾಯಿತು. ಕೇಂದ್ರದ ಹಣದ ಯೋಜನೆಯಿಂದ ಮನೆ ಬಿಡುವವರಿಗೆ, ಬಾಡಿಗೆದಾರರೂ ಸೇರಿ, ಸಾಗಣೆ ವೆಚ್ಚ ಮತ್ತು ಹೊಸ ಬಾಡಿಗೆಗೆ ನೆರವು ಕೊಡಬೇಕು ಎಂದು ಅದು ಹೇಳಿತು. ಇಂಥ ಎಷ್ಟೋ ನಗರಗಳ ಜನರ ಕೂಗು ಅದರ ಹಿಂದಿತ್ತು.

## ಖಾಲಿ ಜಾಗ

ಕೆಡವಿದ ಕೂಡಲೇ ಕಟ್ಟಲಿಲ್ಲ. ಇದನ್ನು ಹಳಬರು ಬಹಳ ನೋವಿನಿಂದ ಹೇಳುತ್ತಾರೆ. ಫಿಲ್‌ಮೋರ್ ಬೀದಿಯ ಉದ್ದಕ್ಕೂ ಅನೇಕ ಜಾಗಗಳು ದಶಕಕ್ಕೂ ಹೆಚ್ಚು ಕಾಲ ಬೇಲಿ ಹಾಕಿಕೊಂಡು ಬಿದ್ದಿದ್ದವು. ಕೇಂದ್ರದ ನವೀಕರಣ ಯೋಜನೆ 1974ರಲ್ಲಿ ನಿಂತಿತು, ಹಣ ಬತ್ತಿತು. ಬಿಲ್ಡರುಗಳು ಮುಂದೆ ಬರಲಿಲ್ಲ. ಫಿಲ್‌ಮೋರ್ ಸೆಂಟರ್ ಎಂಬ ದೊಡ್ಡ ಅಪಾರ್ಟ್‌ಮೆಂಟ್ ಗುಂಪು ಎದ್ದದ್ದು 1980ರ ದಶಕದ ಕೊನೆಗೆ. ಅಷ್ಟರಲ್ಲಿ ಒಂದು ತಲೆಮಾರು ಬೇರೆ ಊರಲ್ಲಿ ಬೆಳೆದಿತ್ತು. ಹಳೆಯ ಸಂಗೀತವನ್ನು ಮರಳಿ ತರಲೆಂದು ನಗರ ಹಣ ಹಾಕಿ ಕಟ್ಟಿಸಿದ ಕಟ್ಟಡದಲ್ಲಿ 2007ರಲ್ಲಿ ಯೋಶೀಸ್ ಎಂಬ ಜ್ಯಾಜ್ ಕ್ಲಬ್ಬು ತೆರೆಯಿತು. 2014ರಲ್ಲಿ ಮುಚ್ಚಿತು. ಅದೇ ವರ್ಷ ಮಾರ್ಕಸ್ ಬುಕ್ಸ್ ಎಂಬ ಪುಸ್ತಕದಂಗಡಿಯೂ ಫಿಲ್‌ಮೋರ್ ಬೀದಿ ಬಿಟ್ಟಿತು. 1960ರಲ್ಲಿ ಶುರುವಾದ, ದೇಶದ ಅತ್ಯಂತ ಹಳೆಯ ಕಪ್ಪು ಪುಸ್ತಕದಂಗಡಿಗಳಲ್ಲಿ ಒಂದು ಅದು. ಅದು ಇದ್ದದ್ದು ಹಿಂದೆ ಬಾಪ್ ಸಿಟಿ ನಡೆದ ವಿಕ್ಟೋರಿಯನ್ ಮನೆಯಲ್ಲೇ. ಆ ಮನೆಯನ್ನೂ ಪೋಸ್ಟ್ ಬೀದಿಯಿಂದ ಎತ್ತಿ ತಂದು ಇಲ್ಲಿಟ್ಟಿದ್ದರು. ಅಂಗಡಿ ಈಗ ಓಕ್ಲಂಡ್‌ನಲ್ಲಿ ನಡೆಯುತ್ತಿದೆ.

1970ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜನಸಂಖ್ಯೆಯಲ್ಲಿ ಕಪ್ಪು ಜನರು ಶೇ. 13ರಷ್ಟಿದ್ದರು. ಈಗ ಶೇ. 5ರ ಆಸುಪಾಸು. ಬಾಡಿಗೆ ಏರಿಕೆ, ಕೈಗಾರಿಕೆ ಕೆಲಸಗಳ ಕುಸಿತ, ಹೀಗೆ ಬೇರೆ ಕಾರಣಗಳೂ ಇವೆ. ಆದರೆ ಒಂದು ಮನೆ ಕೊಂಡು, ಮಕ್ಕಳಿಗೆ ಬಿಟ್ಟು, ಆ ಮನೆಯ ಬೆಲೆಯ ಮೇಲೆ ಮುಂದಿನ ತಲೆಮಾರು ಓದುವ, ವ್ಯಾಪಾರ ಮಾಡುವ ದಾರಿ ಈ ಕುಟುಂಬಗಳಿಗೆ 1960ರ ದಶಕದಲ್ಲೇ ಮುಚ್ಚಿತು. ಉಳಿದ ವಿಕ್ಟೋರಿಯನ್ ಮನೆಗಳು ಇವತ್ತು ಸ್ಯಾನ್ ಫ್ರಾನ್ಸಿಸ್ಕೊದ ಬಹಳ ದುಬಾರಿ ಮನೆಗಳ ಸಾಲಿಗೆ ಸೇರುತ್ತವೆ.

## ಸರ್ಟಿಫಿಕೇಟ್ ಅಂದರೆ ಏನು?

ಒಕ್ಕಲೆದ್ದವರಿಗೆ ಏಜೆನ್ಸಿ ಒಂದು ಕಾಗದ ಕೊಟ್ಟಿತ್ತು. ಸರ್ಟಿಫಿಕೇಟ್ ಆಫ್ ಪ್ರಿಫರೆನ್ಸ್, ಅಂದರೆ ಆದ್ಯತಾ ಪತ್ರ. ಹೊಸ ಮನೆಗಳು ಆದಾಗ ಈ ಪತ್ರ ಇದ್ದವರಿಗೆ ಮೊದಲ ಅವಕಾಶ ಎಂಬ ಭರವಸೆ. ಸಾವಿರಾರು ಪತ್ರಗಳನ್ನು ಹಂಚಿದರು, ಬಳಕೆಯಾದದ್ದು ಸಣ್ಣ ಪಾಲು. ಮನೆಗಳು ತಯಾರಾಗುವಾಗ ಜನ ಎಲ್ಲೆಲ್ಲೋ ಇದ್ದರು. ವಿಳಾಸಗಳು ಬದಲಾಗಿದ್ದವು. ಪತ್ರ ಇದ್ದರೂ ಬಾಡಿಗೆ ಕೈಗೆಟುಕಲಿಲ್ಲ. ಎಷ್ಟೋ ಜನರಿಗೆ ತಮ್ಮ ಹೆಸರಲ್ಲಿ ಇಂಥ ಪತ್ರ ಇದೆ ಎಂಬುದೇ ತಿಳಿದಿರಲಿಲ್ಲ.

2012ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ರೀಡೆವಲಪ್‌ಮೆಂಟ್ ಏಜೆನ್ಸಿಗಳನ್ನೆಲ್ಲ ರದ್ದು ಮಾಡಿತು. ಪತ್ರದ ಹಕ್ಕು ಮಾತ್ರ ಉಳಿಯಿತು, ನಗರ ಅದನ್ನು ಮುಂದುವರಿಸಿದೆ. 2021ರ ರಾಜ್ಯ ಕಾನೂನು ಈ ಹಕ್ಕನ್ನು ಒಕ್ಕಲೆದ್ದವರ ವಂಶಸ್ಥರಿಗೂ ವಿಸ್ತರಿಸಿತು. ಹಾಗಾಗಿ ಈಗ ಮೊಮ್ಮಕ್ಕಳೂ ಅರ್ಜಿ ಹಾಕಬಹುದು. 2023ರಲ್ಲಿ ಬಂದ ಇನ್ನೊಂದು ಕಾನೂನು, ಏಜೆನ್ಸಿ ಕೆಡವಿ ಮತ್ತೆ ಕಟ್ಟದೇ ಬಿಟ್ಟ ಸುಮಾರು 5,800 ಕಡಿಮೆ ಬೆಲೆಯ ಮನೆಗಳಿಗೆ ಹಣ ಹೊಂದಿಸಲು ನಗರಕ್ಕೆ ದಾರಿ ಮಾಡಿಕೊಟ್ಟಿತು.

ಈ ಪತ್ರದಿಂದ ಮನೆ ಉಚಿತವಾಗಿ ಸಿಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ನಗರದ ನೆರವಿನ ಮನೆಗಳನ್ನು ಲಾಟರಿ ಎತ್ತಿ ಹಂಚುತ್ತಾರೆ. ಒಂದು ಮನೆಗೆ ನೂರಾರು ಅರ್ಜಿ ಬರುತ್ತವೆ. ಪತ್ರ ಇದ್ದವರ ಹೆಸರು ಸಾಲಿನಲ್ಲಿ ಮುಂದೆ ಬರುತ್ತದೆ, ಅಷ್ಟೇ. ಆದಾಯದ ಮಿತಿ ಅವರಿಗೂ ಅನ್ವಯ, ಬಾಡಿಗೆ ಅವರೂ ಕಟ್ಟಬೇಕು. ಅರ್ಜಿ ಹಾಕಲು ಕುಟುಂಬದವರು ಯಾವ ವಿಳಾಸದಲ್ಲಿದ್ದರು, ಮನೆಯಲ್ಲಿ ಯಾರ್ಯಾರಿದ್ದರು ಎಂದು ಹೇಳಬೇಕು. ಆ ಬೀದಿಗಳಲ್ಲಿ ಕೆಲವು ಈಗ ನಕ್ಷೆಯಲ್ಲೇ ಇಲ್ಲ. ಹಾಗಾಗಿ ಸ್ಯಾಕ್ರಮೆಂಟೊ, ಆಂಟಿಯೊಕ್ ಕಡೆ ಇರುವ ಮೊಮ್ಮಕ್ಕಳು ಮನೆಯ ಹಿರಿಯರನ್ನು ಕೂರಿಸಿಕೊಂಡು ಮನೆ ನಂಬರು, ಮಹಡಿ, ಪಕ್ಕದ ಅಂಗಡಿಯ ಹೆಸರು ಕೇಳಿ ಬರೆದುಕೊಳ್ಳಬೇಕಾಗುತ್ತದೆ.